ನಿವೃತ್ತಿಯ ನಂತರ ಮೊದಲ ಕಥೆ: ಹಳ್ಳಿಯ ನೆನಪನ್ನು ಬಳಸುವುದು ಹೇಗೆ

ಕಡತ ಬರೆದು ಪಳಗಿದ ಕೈ ಮೊದಲು ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂಬ ಧಾಟಿ ಬಿಡಬೇಕು. ಇಡೀ ಬಾಲ್ಯ ಬರೆಯಲು ಕೂತರೆ ಆತ್ಮಕಥೆಯಾದೀತು. ಒಂದೇ ಜಾಗ ಹಿಡಿಯಿರಿ: ಕಣವೋ, ಕೊಟ್ಟಿಗೆಯೋ, ಹಿಟ್ಟಿನ ಗಿರಣಿಯೋ. ಅಲ್ಲಿ ಯಾರಿಗೆ ಏನು ಬೇಕಿತ್ತು, ಅಡ್ಡ ಬಂದವರು ಯಾರು ಎಂದು ಎರಡು ಸಾಲಲ್ಲಿ ಬರೆದುಕೊಳ್ಳಿ. ಅದು ಹೊಳೆಯದಿದ್ದರೆ ಕಥೆ ಇನ್ನೂ ಹಣ್ಣಾಗಿಲ್ಲ. ‘ಬಡತನವಿತ್ತು’ ಎನ್ನಬೇಡಿ, ರಾಗಿ ತುಂಬಿಡುವ ವಾಡೆಯ ತಳ ಕೆರೆಯುವ ಸೇರಿನ ಸದ್ದು ಕೇಳಿಸಿ. ಕರಡು 1500 ಪದವಾದರೆ ಸಾಕು.

ಊರವರ ಹೆಸರಷ್ಟೇ ಅಲ್ಲ, ಕಸುಬು, ಮನೆ, ನಂಟನ್ನೂ ಬದಲಿಸಿ. ಇಲ್ಲದಿದ್ದರೆ ಜಾತ್ರೆಗೆ ಹೋದಾಗ ಜಗಳ ಗ್ಯಾರಂಟಿ. ಎರಡು ವಾರ ಬಿಟ್ಟು ಗಟ್ಟಿಯಾಗಿ ಓದಿ. ಮೊದಲ ಪ್ಯಾರಾ ಸಾಮಾನ್ಯವಾಗಿ ಬರೀ ಪೀಠಿಕೆ, ಕಿತ್ತುಹಾಕಿ. ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ್ದರೆ ಎಲ್ಲ ಕಂಪ್ಯೂಟರಿನಲ್ಲೂ ಓದಲಾಗುವ ಯೂನಿಕೋಡ್ ಅಕ್ಷರಕ್ಕೆ ಬದಲಿಸಿಯೇ ಪತ್ರಿಕೆಗೆ ಕಳಿಸಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅಕ್ಷರ ಕಲಸುಮೇಲೋಗರ.