‘ಹತ್ತೇ ವರ್ಷ’ ಎನ್ನುವವರಿಗೆ ಉತ್ತರ ಹೇಳುವ ಬಗೆ

ಅಣ್ಣನ ಮನೆಯ ಗೃಹಪ್ರವೇಶದ ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತಿದ್ದರು. ಅಣ್ಣನ ಮಗ ಪಕ್ಕದವರಿಗೆ ಹೇಳಿದ: “ಮೀಸಲಾತಿ ಹತ್ತೇ ವರ್ಷ ಸಾಕು ಎಂದು ಅಂಬೇಡ್ಕರ್ ಅವರೇ ಬರೆದಿದ್ದರು. ಆಮೇಲಿನವರು ವೋಟಿಗಾಗಿ ಎಳೆದುಕೊಂಡು ಬಂದರು.” ಎರಡು ಎಲೆ ಆಚೆ ಅವನ ಸಹೋದ್ಯೋಗಿ ಕುಳಿತಿದ್ದ. ಪರಿಶಿಷ್ಟ ಜಾತಿಯ ಹುಡುಗ, ಎಂಜಿನಿಯರ್. ಮೊಸರನ್ನ ಬರುವ ಮೊದಲೇ ಅವನು ಎಲೆ ಮಡಚಿ ಎದ್ದ. ಉಳಿದವರೆಲ್ಲ ಇನ್ನೂ ಸಾರನ್ನದಲ್ಲಿದ್ದರು.

ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿದವಳು ನಾನು. ಈ ಮಾತನ್ನು ಬಸ್ಸಿನಲ್ಲಿ, ಮದುವೆ ಮನೆಗಳಲ್ಲಿ, ಶಿಕ್ಷಕರ ಕೊಠಡಿಯಲ್ಲೇ ಕೇಳಿದ್ದೇನೆ. ಇದಕ್ಕೆ ಹೇಗೆ ಉತ್ತರಿಸಬೇಕೆಂಬುದನ್ನು ನನ್ನ ಅನುಭವದಿಂದ ಬರೆಯುತ್ತಿದ್ದೇನೆ.

ಹೇಳಿದವರನ್ನು ಎಲ್ಲರೆದುರು ಹೀನಾಯ ಮಾಡಬೇಡಿ, ಅವರು ಮತ್ತಷ್ಟು ಬಿಗಿಯಾಗುತ್ತಾರೆ. ಹಾಗೆಂದು ನೋಯುವವರು ಅಲ್ಲೇ ಕುಳಿತಿರುವಾಗ ತುಟಿ ಬಿಗಿದುಕೊಂಡು ಇರುವುದೂ ತಪ್ಪು. “ಅದು ಹಾಗಿಲ್ಲಪ್ಪ, ಊಟವಾದ ಮೇಲೆ ಪುಸ್ತಕ ತೋರಿಸುತ್ತೇನೆ” ಎಂದು ನಾಲ್ಕು ಎಲೆಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿ. ನಾನು ಅಂದು ಹೇಳಲಿಲ್ಲ. ಆ ಹುಡುಗ ಕೈ ತೊಳೆದು ಹೊರಟುಹೋದ.

ಸಂಜೆ ಜಗಲಿಯಲ್ಲಿ ಅಣ್ಣನ ಮಗನನ್ನು ಕೂರಿಸಿಕೊಂಡು ಮೊದಲು ಒಂದೇ ಪ್ರಶ್ನೆ ಕೇಳಿದೆ: “ಯಾವ ಮೀಸಲಾತಿ?” ನೀವೂ ಇಲ್ಲಿಂದಲೇ ಶುರು ಮಾಡಿ. ಲೋಕಸಭೆ ಮತ್ತು ವಿಧಾನಸಭೆಯ ಸ್ಥಾನಗಳ ಮೀಸಲಾತಿ ಬೇರೆ. ಶಿಕ್ಷಣದ್ದು, ಸರ್ಕಾರಿ ನೌಕರಿಯದು ಬೇರೆ. ಹತ್ತು ವರ್ಷದ ಮಾತು ಹುಟ್ಟಿದ್ದೇ ಇವೆಲ್ಲವನ್ನೂ ಒಂದೇ ಗಂಟಿಗೆ ಕಟ್ಟಿದ್ದರಿಂದ.

ಆಮೇಲೆ ಪುಸ್ತಕ ತೆರೆಯಿರಿ. ಸಂವಿಧಾನದ ಕನ್ನಡ ಅನುವಾದ ಅಂತರಜಾಲದಲ್ಲಿ ಹಣವಿಲ್ಲದೆ ಸಿಗುತ್ತದೆ. ಪತ್ರಿಕೆಗಳು ‘ವಿಧಿ’ ಎನ್ನುವುದನ್ನು ಅದರಲ್ಲಿ ‘ಅನುಚ್ಛೇದ’ ಎಂದು ಹುಡುಕಬೇಕು. 334ನೆಯದನ್ನು ಅವರ ಬಾಯಿಂದಲೇ ಓದಿಸಿ. ನೀವು ಓದಿದರೆ ಅದು ಪಾಠವಾಗುತ್ತದೆ. ಅವರೇ ಓದಿದರೆ ಅವರ ಕಣ್ಣಿಗೇ ಬೀಳುತ್ತದೆ. 1950ರಲ್ಲಿ ‘ಹತ್ತು ವರ್ಷ’ ಎಂದಿದ್ದದ್ದು ಇಲ್ಲೇ, ಅದೂ ಶಾಸನಸಭೆಗಳ ಸ್ಥಾನಗಳಿಗೆ ಮಾತ್ರ. ಸಂಸತ್ತು ಅದನ್ನು ಹತ್ತು ಹತ್ತು ವರ್ಷ ಮುಂದುವರಿಸುತ್ತಾ ಬಂದಿದೆ. 2019ರ 104ನೇ ತಿದ್ದುಪಡಿಯ ನಂತರ ಈಗ ಅಲ್ಲಿರುವುದು ಎಂಬತ್ತು ವರ್ಷ, ಅಂದರೆ 2030ರ ಜನವರಿಯವರೆಗೆ.

ಅಣ್ಣನ ಮಗ ಆ ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದ. “ನೌಕರಿ ಎಂದು ಎಲ್ಲೂ ಇಲ್ಲವಲ್ಲ ಅತ್ತೆ” ಎಂದ. ಆಗ 16ನೇ ಅನುಚ್ಛೇದದ ನಾಲ್ಕನೇ ಖಂಡಕ್ಕೆ ಹಿಂದಿರುಗಿಸಿದೆ. ನೌಕರಿಯ ಮೀಸಲಾತಿಗೆ ಅವಕಾಶ ಕೊಡುವುದು ಅದು. ಅದರಲ್ಲಿ ವರ್ಷದ ಮಿತಿಯೇ ಇಲ್ಲ. ಶಿಕ್ಷಣಕ್ಕೆ ಆಧಾರವಾದ 15(4) ಮೂಲ ಸಂವಿಧಾನದಲ್ಲಿ ಇರಲೇ ಇಲ್ಲ. ಮದ್ರಾಸ್‌ನ ಚಂಪಕಂ ದೊರೈರಾಜನ್ ಪ್ರಕರಣದಲ್ಲಿ ಕಾಲೇಜು ಸೀಟುಗಳ ಜಾತಿವಾರು ಹಂಚಿಕೆಯನ್ನು ಸುಪ್ರೀಂ ಕೋರ್ಟ್ ರದ್ದುಮಾಡಿದ ಮೇಲೆ, 1951ರ ಮೊದಲ ತಿದ್ದುಪಡಿಯಲ್ಲಿ ಸೇರಿತು. ಅದಕ್ಕೂ ಮಿತಿಯಿಲ್ಲ.

ಅಂಬೇಡ್ಕರ್ ಹೆಸರನ್ನು ಎತ್ತಿದವರಿಗೆ ಅವರ ಮಾತನ್ನೇ ತಿಳಿಸಬೇಕು. 1949ರ ಆಗಸ್ಟ್‌ನಲ್ಲಿ ಸಂವಿಧಾನ ಸಭೆಯಲ್ಲಿ ಈ ಅವಧಿಯ ಚರ್ಚೆ ಬಂದಾಗ, ವೈಯಕ್ತಿಕವಾಗಿ ತಾವು ಇನ್ನೂ ಹೆಚ್ಚಿನ ಕಾಲ ಕೇಳಲು ಸಿದ್ಧರಿದ್ದುದಾಗಿ ಅವರು ಹೇಳಿದ್ದರು. ಹತ್ತು ವರ್ಷ ಸಭೆಯ ತೀರ್ಮಾನ. ಇಷ್ಟು ದೊಡ್ಡ ಮನುಷ್ಯನ ಬಾಯಿಗೆ ಅವರು ಆಡದ ಮಾತನ್ನು ತುರುಕುವುದು ನನಗೆ ಸಹಿಸಲಾಗದ ವಿಷಯ.

“ಇದೆಲ್ಲ ವೋಟಿನ ಆಟ” ಎಂದರೆ ನಮ್ಮ ಮೈಸೂರನ್ನೇ ನೆನಪಿಸಿ. ಹಿಂದುಳಿದವರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಸಿಗುವ ದಾರಿ ಸೂಚಿಸಲು ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿಯನ್ನು ನೇಮಿಸಿದ್ದು 1918ರಲ್ಲಿ. ಕೊಲ್ಹಾಪುರದ ಶಾಹು ಮಹಾರಾಜರು ನೌಕರಿಯಲ್ಲಿ ಅರ್ಧದಷ್ಟು ಮೀಸಲಿಟ್ಟದ್ದು 1902ರಲ್ಲಿ. ಆ ಮಹಾರಾಜರಿಗೆ ಯಾರ ವೋಟೂ ಬೇಕಿರಲಿಲ್ಲ.

ಇಷ್ಟಾದ ಮೇಲೂ ಅವರು “ಮಿತಿ ಇರಬೇಕು” ಎನ್ನಬಹುದು. ಅನ್ನಲಿ. ಏನಿದೆ ಎಂಬುದು ಪುಸ್ತಕದ ವಿಷಯ, ಏನಿರಬೇಕು ಎಂಬುದು ಅವರವರ ಅಭಿಪ್ರಾಯ. ಅಭಿಪ್ರಾಯವನ್ನು ಕಸಿದುಕೊಳ್ಳಲು ಹೋಗಬೇಡಿ. ಅದನ್ನು ಸುಳ್ಳಿನ ಮೇಲೆ ನಿಲ್ಲಿಸದಂತೆ ಮಾತ್ರ ನೋಡಿಕೊಳ್ಳಿ. ನನ್ನ ಅಭಿಪ್ರಾಯವನ್ನೂ ಹೇಳಿದೆ: ಚರಂಡಿಗೆ ಇಳಿಯುವವರ ಜಾತಿ ಬದಲಾಗುವವರೆಗೆ ಗಡುವಿನ ಮಾತನ್ನು ನಾನು ಎತ್ತುವುದಿಲ್ಲ. ಅವನು ಒಪ್ಪಲಿಲ್ಲ, ಆದರೆ ಕೇಳಿಸಿಕೊಂಡ.

ಜನ ಮರೆಯುವುದು ಕೊನೆಯ ಕೆಲಸವನ್ನು. ಮಾತು ಯಾರಿಗೆ ತಗುಲಿತೋ ಅವರ ಬಳಿಗೆ ಹೋಗಬೇಕು. ಮುಂದಿನ ಭಾನುವಾರ ಹೋಳಿಗೆಯ ಡಬ್ಬಿ ಹಿಡಿದು ನಾವಿಬ್ಬರೂ ಆ ಹುಡುಗನ ಮನೆಗೆ ಹೋದೆವು. ಅಣ್ಣನ ಮಗ ಬಾಗಿಲಲ್ಲೇ, “ಅವತ್ತು ನಾನು ಹೇಳಿದ್ದು ತಪ್ಪು, ಓದಿ ನೋಡಿದೆ” ಎಂದ. ಹುಡುಗ ಒಂದು ಕ್ಷಣ ಸುಮ್ಮನಿದ್ದು, ಒಳಗೆ ತಿರುಗಿ, “ಅಮ್ಮ, ಇನ್ನೆರಡು ಲೋಟ ಕಾಫಿ” ಎಂದು ಕೂಗಿದ.