ಕ್ಯಾಶ್ ಶಾರ್ಟ್ ಜೇಬಿನಿಂದ ತುಂಬಬೇಡಿ ಅಂದ ಮೇಲೆ ಲೆಕ್ಕ ಸಿಕ್ಕಿತು

ಈಚೆಗೆ ಬೋರ್ಡ್ ಮೀಟಿಂಗ್‌ನಲ್ಲಿ ನಮ್ಮ ಹಿರಿಯ ನಿರ್ದೇಶಕರೊಬ್ಬರು ಶಾಖೆಗಳ ತಪ್ಪು, ನಷ್ಟಗಳನ್ನು ದಿನಾ ಬರೆಸುವ ನನ್ನ ಪುಸ್ತಕ ಇಸಿದುಕೊಂಡು ಹತ್ತು ನಿಮಿಷ ಓದಿದರು. "ಇದೆಲ್ಲ ದೊಡ್ಡ ಬ್ಯಾಂಕಿನವರ ಕೆಲಸ, ನಮಗ್ಯಾಕೆ" ಅಂತ ಹಿಂದೆ ಹೇಳಿದ್ದವರು ಇವರೇ. ಈ ಸಲ "ಎಲ್ಲಾ ಶಾಖೆಗೂ ಮಾಡಿ" ಅಂದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು 11 ಶಾಖೆಗಳ ಪಟ್ಟಣ ಸಹಕಾರ ಬ್ಯಾಂಕು. ಇನ್‌ಸ್ಪೆಕ್ಷನ್‌ನಲ್ಲಿದ್ದ ನನಗೆ 2021ರಲ್ಲಿ ಆಪರೇಷನಲ್ ರಿಸ್ಕ್, ಅಂದರೆ ದಿನದ ಕೆಲಸದ ತಪ್ಪು, ಮೋಸಗಳಿಂದ ನಷ್ಟವಾಗುವ ಅಪಾಯ ನೋಡಿಕೊಳ್ಳುವ ಹೊಣೆ ಬಂತು. ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. 60-65 ಪ್ರಶ್ನೆಗಳ ಪಟ್ಟಿ ಕಳಿಸಿ, ಮ್ಯಾನೇಜರುಗಳೇ ತಮ್ಮ ಶಾಖೆಗೆ ಅಂಕ ಹಾಕಲಿ ಅಂದೆ. 9 ಶಾಖೆಗಳು ಎಲ್ಲಾ ಕಾಲಂನಲ್ಲೂ ಅಪಾಯ 'ಕಡಿಮೆ' ಅಂತ ತುಂಬಿದವು. ಎರಡು ಶಾಖೆಗಳ ಉತ್ತರವಂತೂ ಅಕ್ಷರಕ್ಕಕ್ಷರ ಒಂದೇ. ಆರು ತಿಂಗಳಾಗುವಷ್ಟರಲ್ಲಿ ಅದೇ ಎರಡರಲ್ಲಿ ಒಂದು ಶಾಖೆಯ ಚಿನ್ನದ ಸಾಲದಲ್ಲಿ ನಕಲಿ ಬಳೆ ಸಿಕ್ಕವು. ನಾಲ್ಕು ಸಾಲ, ಹೆಚ್ಚೂಕಡಿಮೆ 7 ಲಕ್ಷ.

ಆಮೇಲೆ ಅಪಾಯ ಅಳೆಯುವ ಸಾಫ್ಟ್‌ವೇರ್ ತಂದೆ. ಸುಮಾರು ಮೂರೂವರೆ ಲಕ್ಷ, ವರ್ಷವರ್ಷದ ನಿರ್ವಹಣೆ ಶುಲ್ಕ (ಎಎಂಸಿ) ಬೇರೆ. ಕೆಂಪು, ಹಳದಿ, ಹಸಿರು ಚೌಕಗಳು ಚೆನ್ನಾಗಿ ಬರುತ್ತಿದ್ದವು. ಒಳಗೆ ಹಾಕಲು ಮಾಹಿತಿಯೇ ಇರಲಿಲ್ಲ. ಒಂದೂವರೆ ವರ್ಷಕ್ಕೆ ನಿಲ್ಲಿಸಿದೆ. ಆ ದುಡ್ಡು ಹೋಯಿತಲ್ಲ ಅಂತ ಈಗಲೂ ಸಂಕಟ ಆಗುತ್ತೆ.

ಬ್ಯಾಂಕುಗಳ ಬಂಡವಾಳಕ್ಕಿರುವ ಅಂತರರಾಷ್ಟ್ರೀಯ ನಿಯಮ ಬಾಸೆಲ್‌ನ ಹಳೇ ಲೆಕ್ಕವನ್ನೂ ಹಾಕಿ ನೋಡಿದೆ: ಮೂರು ವರ್ಷದ ಸರಾಸರಿ ಒಟ್ಟು ಆದಾಯದ ಶೇ. 15. ಬಂಡವಾಳ ಎಷ್ಟು ತೆಗೆದಿಡಬೇಕು ಅಂತ ಗೊತ್ತಾಗುತ್ತೆ, ಸರಿ. ಯಾವ ಕೌಂಟರಿನಲ್ಲಿ ತೂತಿದೆ ಅಂತ ಗೊತ್ತಾಗಲ್ಲ. ಆದಾಯ ಇಳಿದರೆ ಅಪಾಯವೂ ಇಳಿಯಿತು ಅಂತ ತೋರಿಸುತ್ತೆ. ನಮ್ಮಲ್ಲಿ ಆಗಿದ್ದು ಅದಕ್ಕೆ ಉಲ್ಟಾ. ಆದಾಯ ಇಳಿದ ವರ್ಷ ಹೊಸಬರನ್ನು ತೆಗೆದುಕೊಳ್ಳಲಿಲ್ಲ. ಇದ್ದವರ ಮೇಲೆ ಹೊರೆ ಬಿದ್ದು ತಪ್ಪುಗಳು ಜಾಸ್ತಿಯಾದವು.

ದಾರಿ ಸಿಕ್ಕಿದ್ದು 2023ರ ಒಂದು ಸಂಜೆ. ಶಾಖೆಯೊಂದರಲ್ಲಿ ಕ್ಯಾಷಿಯರ್ ಮೇಡಂ ಕ್ಯಾಶ್ ಕ್ಲೋಸ್ ಮಾಡುತ್ತಿದ್ದರು. ಎರಡು ಸಲ ಎಣಿಸಿದರು. ಎರಡು ಸಾವಿರ ಕಡಿಮೆ. ಏನೂ ಮಾತಾಡದೆ ಟಿಫಿನ್ ಡಬ್ಬಿಯ ಕೆಳಗಿದ್ದ ಪರ್ಸ್ ತೆಗೆದು, ಐನೂರರ ನಾಲ್ಕು ನೋಟು ಕಂತೆಗೆ ಸೇರಿಸಿ, ರಿಜಿಸ್ಟರಿಗೆ ಸಹಿ ಹಾಕಿದರು. ಯಾಕಮ್ಮಾ ಅಂದೆ. "ಬಿಡಿ ಸಾರ್, ತಿಂಗಳಿಗೊಂದು ಸಲ ಇದ್ದದ್ದೇ."

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ನಾನು ಹುಡುಕುತ್ತಿದ್ದ ಲೆಕ್ಕ ಸಿಬ್ಬಂದಿಯ ಪರ್ಸಿನಲ್ಲಿತ್ತು, ನಮ್ಮ ರಿಜಿಸ್ಟರಿನಲ್ಲಿ ಸೊನ್ನೆ.

ಬೋರ್ಡ್ ಮುಂದೆ ಒಂದೇ ಬೇಡಿಕೆ ಇಟ್ಟೆ. ಐದು ಸಾವಿರದೊಳಗಿನ ಶಾರ್ಟ್ ಆವತ್ತೇ ಬರೆಸಿದರೆ ಬ್ಯಾಂಕೇ ಭರಿಸಲಿ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಮಾತ್ರ ಕ್ರಮ. "ಹಾಗಾದ್ರೆ ದಿನಾ ಶಾರ್ಟ್ ತೋರಿಸ್ತಾರೆ" ಅಂದರು. ಕೊನೆಗೆ ಮೂರು ಶಾಖೆಗೆ, ಆರು ತಿಂಗಳಿಗೆ ಒಪ್ಪಿಗೆ ಸಿಕ್ಕಿತು. ಒಂದೊಂದು ಶಾಖೆಗೆ ಒಂದು ಉದ್ದನೆ ಪುಸ್ತಕ ಕೊಟ್ಟೆ. ಏನಾಯಿತು, ಎಷ್ಟು ಹೊತ್ತಿಗೆ, ಎಷ್ಟು ರೂಪಾಯಿ, ಯಾರು ಹಿಡಿದರು, ಹಿಡಿಯದಿದ್ದರೆ ಎಷ್ಟು ಹೋಗುತ್ತಿತ್ತು. ತಪ್ಪು ಮಾಡಿದವರ ಹೆಸರಿಗೆ ಕಾಲಂ ಇಲ್ಲ. ಅದೊಂದಕ್ಕೆ ನಾನು ಹಟ ಹಿಡಿದೆ.

ಮೊದಲ ತಿಂಗಳು ಎರಡೇ ಎರಡು ನಮೂದು. ನಾಲ್ಕನೇ ತಿಂಗಳಿಗೆ ಮೂರೂ ಸೇರಿ 40 ದಾಟಿತು. ಕ್ಯಾಶ್ ಶಾರ್ಟ್ ಭರಿಸಿದ್ದು ಇಡೀ ವರ್ಷಕ್ಕೆ ಮೂವತ್ತು ಸಾವಿರದ ಆಸುಪಾಸು, ಅಷ್ಟೆ.

ಕೂದಲೆಳೆಯಲ್ಲಿ ತಪ್ಪಿದ್ದೇ ಹೆಚ್ಚು ಕಲಿಸಿತು. ಆರ್‌ಟಿಜಿಎಸ್‌ನಲ್ಲಿ ಖಾತೆ ನಂಬರಿನ ಎರಡು ಅಂಕಿ ಅದಲುಬದಲಾಗಿ 4.8 ಲಕ್ಷ ಇನ್ಯಾರಿಗೋ ಹೋಗುವುದಿತ್ತು. ದುಡ್ಡು ಜಮಾ ಆಗುವುದು ನಂಬರ್ ನೋಡಿ, ಹೆಸರು ನೋಡಿ ಅಲ್ಲ ಅಲ್ವಾ. 2025ರ ಏಪ್ರಿಲ್ ಹೊತ್ತಿಗೆ ದುಡ್ಡು ಕಳಿಸುವ ಮೊದಲೇ ಪಡೆಯುವವರ ಹೆಸರು ತೋರಿಸುವ ಸೌಲಭ್ಯ ಬಂದ ಮೇಲೆ ಈ ಬಗೆಯ ತಪ್ಪಿನ ನಮೂದು ಅರ್ಧಕ್ಕಿಂತ ಕೆಳಗಿಳಿಯಿತು. ಅದಕ್ಕೂ ಮೊದಲು, ಮಧ್ಯಾಹ್ನ ಮೂರರ ಮೇಲೆ ತಪ್ಪು ಜಾಸ್ತಿ ಅಂತ ಟೀ ಹೊತ್ತನ್ನು ಬದಲಿಸಿ ನೋಡಿದ್ದೆ. ಏನೂ ಬದಲಾಗಲಿಲ್ಲ. ಪಾಸಿಂಗ್ ಮಾಡುವವರ, ಅಂದರೆ ವಹಿವಾಟು ನೋಡಿ ಒಪ್ಪಿಗೆ ಕೊಡುವವರ ಸೀಟನ್ನು ಕ್ಯಾಶ್ ಕೌಂಟರಿನ ಗದ್ದಲದಿಂದ ದೂರ ಹಾಕಿಸಿದಾಗ ಬದಲಾಯಿತು.

ಎರಡು ಭಾನುವಾರ ಕೂತು ಎಕ್ಸೆಲ್‌ನಲ್ಲಿ ನಮ್ಮ ನಮೂದುಗಳ ಆಧಾರದ ಮೇಲೆ ಹತ್ತು ಸಾವಿರ ಕಾಲ್ಪನಿಕ ವರ್ಷಗಳ ನಷ್ಟ ಓಡಿಸಿದೆ. ವರ್ಷಕ್ಕೆ ಎಷ್ಟು ನಷ್ಟ ಅನ್ನುವ ಎಣಿಕೆಗೆ ಪಾಯ್ಸನ್, ಒಂದೊಂದರ ಮೊತ್ತಕ್ಕೆ ಲಾಗ್‌ನಾರ್ಮಲ್ ಅನ್ನುವ ಸಂಖ್ಯಾಶಾಸ್ತ್ರದ ಮಾದರಿ. ಸಣ್ಣ ನಷ್ಟ ಚೆನ್ನಾಗಿ ಕೂತಿತು. ದೊಡ್ಡದು ಕೂರಲಿಲ್ಲ, ನಮ್ಮ ಪುಸ್ತಕದಲ್ಲಿ ದೊಡ್ಡದು ಇದ್ದದ್ದೇ ಎರಡು-ಮೂರು. ಅದಕ್ಕೆ ಹೊರಗಿನ ಘಟನೆ ತಂದೆ. 2018ರ ಆಗಸ್ಟ್‌ನಲ್ಲಿ ಪುಣೆಯ ಕಾಸ್ಮೋಸ್ ಬ್ಯಾಂಕಿನಿಂದ ಸೈಬರ್ ಕಳ್ಳರು 94 ಕೋಟಿ ಹೊಡೆದರು, ಎಟಿಎಂ ವ್ಯವಸ್ಥೆಗೇ ಕನ್ನ ಹಾಕಿ. ಅದೂ ಸಹಕಾರ ಬ್ಯಾಂಕೇ. ನಮ್ಮ ಎಟಿಎಂ ಸ್ವಿಚ್ (ಎಟಿಎಂ ವಹಿವಾಟು ಸಾಗಿಸುವ ವ್ಯವಸ್ಥೆ) ನೋಡಿಕೊಳ್ಳುವ ಹೊರಗಿನವರಿಗೆ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದೆ. ಐವತ್ತು ನಿಮಿಷ ಯಾರೂ ಎತ್ತಲಿಲ್ಲ. ಆ ಐವತ್ತು ನಿಮಿಷ ಅಂದಾಗಲೇ ಬೋರ್ಡ್ ಗಂಭೀರವಾಗಿ ಕೇಳಿಸಿಕೊಂಡಿದ್ದು.

ಅಡವಿಡುವ ಚಿನ್ನಕ್ಕೆ ಬೆಲೆ ಕಟ್ಟುವ ಅಪ್ರೈಸರುಗಳನ್ನು ಶಾಖೆಯಿಂದ ಶಾಖೆಗೆ ಬದಲಿಸಿದೆವು. ಹಠಾತ್ತನೆ ಚಿನ್ನದ ಪ್ಯಾಕೆಟ್ ತೆರೆದು ಇನ್ನೊಬ್ಬರಿಂದ ಒರೆ ಹಚ್ಚಿಸುತ್ತೇವೆ. ಯಾವ ಪ್ಯಾಕೆಟ್ ಅಂತ ಹೇಗೆ ಆರಿಸುತ್ತೇನೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ಅದು ಹೊರಗೆ ಗೊತ್ತಾದರೆ ಕೆಲಸಕ್ಕೆ ಬರಲ್ಲ.

ಒಂದು ಎಚ್ಚರಿಕೆ. ಶುರುವಿನ ವರ್ಷ ನಷ್ಟ ಏರಿದಂತೆ ಕಾಣುತ್ತೆ. ನಮ್ಮ ಹಳೇ ಪುಸ್ತಕದಲ್ಲಿ ವರ್ಷಕ್ಕೆ 2 ಲಕ್ಷ ಇದ್ದದ್ದು, ಸಸ್ಪೆನ್ಸ್ ಖಾತೆಯಲ್ಲಿ (ಲೆಕ್ಕ ಇತ್ಯರ್ಥವಾಗದ್ದನ್ನು ತಾತ್ಕಾಲಿಕವಾಗಿ ಇಡುವ ಖಾತೆ) ಕೂತಿದ್ದನ್ನೂ ಎಳೆದು ತಂದಾಗ 19 ಲಕ್ಷ ಆಯಿತು. ನಿಲ್ಲಿಸಿಬಿಡಿ ಅಂದವರಿದ್ದರು. ಹೋದ ವರ್ಷದ ಮೊತ್ತ 6 ಲಕ್ಷ ಚಿಲ್ಲರೆ. ಪುಸ್ತಕಗಳ ಖರ್ಚು ಒಂದೂವರೆ ಸಾವಿರ, ಎರಡನೇ ಅಪ್ರೈಸರ್ ಫೀ ಸುಮಾರು 1.4 ಲಕ್ಷ. ನಾನು ಹೆಮ್ಮೆಯಿಂದಲೇ ಹೇಳ್ತೀನಿ, ಆ ಸಾಫ್ಟ್‌ವೇರಿನ ಅರ್ಧ ದುಡ್ಡೂ ಆಗಲಿಲ್ಲ.

ಆ ಕ್ಯಾಷಿಯರ್ ಮೇಡಂ ಈಗ ಹೆಡ್ ಆಫೀಸಿನಲ್ಲಿ ನನ್ನ ಜೊತೆ ಪುಸ್ತಕ ನೋಡಿಕೊಳ್ಳುತ್ತಾರೆ. ಹೋದ ವಾರ ಅವರೇ ಸ್ಕೇಲ್ ಇಟ್ಟು ಆರನೇ ಕಾಲಂ ಗೆರೆ ಎಳೆದರು: ಆ ದಿನ ಶಾಖೆಯಲ್ಲಿ ಎಷ್ಟು ಜನ ರಜೆಯಲ್ಲಿದ್ದರು.