ಮೊದಲ ಗೋಸುಂಬೆಗೆ ಮನೆ: ಪಂಜರ, ನೀರು, ಬೆಳಕು

ಗೋಸುಂಬೆ ಸಾಕಲು ಹೊರಟವರು ಮೊದಲು ವಿಚಾರಿಸುವುದು ಬಿಸಿ ಬಲ್ಬಿನ ಬಗ್ಗೆ. ದಾವಣಗೆರೆಯಂಥ ಊರಲ್ಲಿ ಅದು ಕೊನೆಯ ಚಿಂತೆ. ಇಲ್ಲಿ ಈ ಪ್ರಾಣಿ ಸೊರಗುವುದು ನೀರು ಸಾಲದೆ, ಇಲ್ಲವೇ ಏಪ್ರಿಲ್ ತಿಂಗಳ ಝಳ ತಾಳದೆ. ಆದ್ದರಿಂದ ಪಂಜರ ಕಟ್ಟಿ, ಒಂದು ವಾರ ಖಾಲಿಯಾಗಿಯೇ ನಡೆಸಿ ನೋಡಿ, ಆಮೇಲೆ ಪ್ರಾಣಿ ತನ್ನಿ.

ಚಿತ್ರದುರ್ಗದ ಕುರುಚಲು ಕಾಡಿನಲ್ಲಿ, ಹೊಲದ ಬೇಲಿಯಲ್ಲಿ ಕಾಣುವ ನಮ್ಮ ಗೋಸುಂಬೆಯನ್ನು ಹಿಡಿದು ತರುವ ಮಾತೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ರಕ್ಷಿತ ಜೀವಿ, ಹಿಡಿಯುವುದೇ ಅಪರಾಧ. ಸಾಕುವವರು ತರುವುದು ಯೆಮನ್, ಸೌದಿ ಕಡೆಯ ವೇಲ್ಡ್ ಕಮೀಲಿಯನ್ ಎಂಬ ಗೋಸುಂಬೆ. ಅದೂ ಸೈಟಿಸ್ (ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಒಪ್ಪಂದ) ಪಟ್ಟಿಯಲ್ಲಿದೆ. 2024ರ ನಿಯಮದ ಪ್ರಕಾರ, ಕೈಗೆ ಬಂದ 30 ದಿನದೊಳಗೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮಾರುವವರು ಕಾಗದಪತ್ರ ಕೊಡದಿದ್ದರೆ ವ್ಯವಹಾರ ಅಲ್ಲಿಗೇ ಬಿಡಿ.

ಮೊದಲ ಸಲಕ್ಕೆ ಮೂರು ತಿಂಗಳು ದಾಟಿದ ಗಂಡೇ ಸರಿ. ಹಿಂಗಾಲಿನ ಹಿಮ್ಮಡಿಯಲ್ಲಿ ಪುಟ್ಟ ಮುಳ್ಳಿನಂಥ ಉಬ್ಬಿದ್ದರೆ ಗಂಡು. ಹೆಣ್ಣು ಜೋಡಿಯಿಲ್ಲದೆಯೂ ಮೊಟ್ಟೆ ಕಟ್ಟುತ್ತದೆ; ಅಗೆದು ಇಡಲು ಹಸಿ ಮರಳು ಸಿಗದಿದ್ದರೆ ಮೊಟ್ಟೆ ಹೊಟ್ಟೆಯಲ್ಲೇ ಉಳಿದು ಜೀವಕ್ಕೆ ಕುತ್ತು.

ಪಂಜರದ ಅಳತೆ 2 ಅಡಿ ಅಗಲ, 2 ಅಡಿ ಆಳ, 4 ಅಡಿ ಎತ್ತರ. ಅಲ್ಯೂಮಿನಿಯಂ ಕಿಟಕಿ ಮಾಡುವ ಅಂಗಡಿಯಲ್ಲೇ ಚೌಕಟ್ಟು ಹಾಕಿಸಬಹುದು. ಜಾಲರಿ ಪ್ಲಾಸ್ಟಿಕ್ ಲೇಪನದ್ದು, ಕಾಲಿಂಚು ಕಣ್ಣಿನದು. ಸೊಳ್ಳೆ ಜಾಲರಿ ಬೇಡ: ಉಗುರು ಸಿಕ್ಕಿ ಕಿತ್ತುಬರುತ್ತದೆ, ಮೇಲಿಂದ ಬರುವ, ಮೂಳೆ ಗಟ್ಟಿಯಾಗಲು ಬೇಕಾದ ಯುವಿಬಿ (ನೇರಳಾತೀತ) ಕಿರಣವನ್ನೂ ತಡೆಯುತ್ತದೆ. ಇಲ್ಲಿನ ಒಣಗಾಳಿಗೆ ಹಿಂಬದಿಯನ್ನೂ ಒಂದು ಪಕ್ಕವನ್ನೂ ಸನ್‌ಪ್ಯಾಕ್ ಶೀಟಿನಿಂದ (ಟೊಳ್ಳು ಪ್ಲಾಸ್ಟಿಕ್ ಹಾಳೆ) ಮುಚ್ಚಿ. ತಳಕ್ಕೆ ಮಣ್ಣು, ತೌಡು ಏನೂ ಹಾಕದೆ ನೀರು ಇಳಿಯುವ ಟ್ರೇ ಇಡಿ. ಪಂಜರ ಮೇಜಿನ ಮೇಲಿರಲಿ. ತಲೆಯ ಮೇಲಿಂದ ಯಾರಾದರೂ ಬಗ್ಗಿದರೆ ಹದ್ದು ಬಂತೆಂದೇ ಅದು ಹೆದರುತ್ತದೆ.

ಒಳಗೆ ಬೆರಳು ಗಾತ್ರದ ಕೊಂಬೆಗಳನ್ನು ಅಡ್ಡಡ್ಡ, ಓರೆಯಾಗಿ ಕಟ್ಟಿ. ದಾಸವಾಳ, ಮನಿ ಪ್ಲಾಂಟ್ ಆಗುತ್ತವೆ. ಕಣಗಿಲೆ ವಿಷ, ಹತ್ತಿರಕ್ಕೂ ಬೇಡ. ವೇಲ್ಡ್ ಎಲೆಯನ್ನೂ ಮೇಯುತ್ತದೆ, ಹಾಗಾಗಿ ನರ್ಸರಿ ಗಿಡವನ್ನು ಚೆನ್ನಾಗಿ ತೊಳೆದು ಕೆಲವು ವಾರ ಹೊರಗಿಟ್ಟೇ ಒಳಗೆ ತನ್ನಿ.

ಬೆಳಕಿಗೆ ಉದ್ದನೆಯ ಟಿ5 (ತೆಳು ಕೊಳವೆಯ) ಯುವಿಬಿ ಟ್ಯೂಬ್, ಮೇಲೆ 5.0 ಅಥವಾ ಶೇ 6 ಎಂದು ಯುವಿಬಿ ಪ್ರಮಾಣ ಬರೆದದ್ದು. ಸುರುಳಿ ಬಲ್ಬಿನ ಕಿರಣ ಸಾಲದು. ಜಾಲರಿಯ ಮೇಲಿಟ್ಟು, ಮೇಲಿನ ಕೊಂಬೆಗೂ ಅದಕ್ಕೂ 8–10 ಇಂಚು ಅಂತರ ಬಿಡಿ. ದಿನಕ್ಕೆ 12 ಗಂಟೆ ಉರಿಸಿ, ವರ್ಷಕ್ಕೊಮ್ಮೆ ಬದಲಿಸಿ. ಹಳೆಯದು ಬೆಳಗುತ್ತಲೇ ಇರುತ್ತದೆ, ಯುವಿಬಿ ಮಾತ್ರ ಕುಗ್ಗಿರುತ್ತದೆ. ಕಿಟಕಿ ಗಾಜಿನಿಂದ ಬರುವ ಬಿಸಿಲನ್ನು ಲೆಕ್ಕಕ್ಕೆ ಹಿಡಿಯಬೇಡಿ, ಗಾಜು ಆ ಕಿರಣವನ್ನು ಬಿಡುವುದಿಲ್ಲ.

ಬಿಸಿ ಕಾಯುವ ಕೊಂಬೆ 29–32 ಡಿಗ್ರಿ, ಉಳಿದೆಡೆ 22–27. ಡಿಸೆಂಬರ್ ಬೆಳಗಿಗೆ 40 ವ್ಯಾಟ್‌ನ ಗುಂಡು ಬಲ್ಬು ಜಾಲರಿಯ ಹೊರಗಿದ್ದರೆ ಸಾಕು. ಬೇಸಿಗೆಯಲ್ಲಿ ಅದನ್ನು ಆರಿಸಿಯೇ ಬಿಡಿ. ಪಂಜರವನ್ನು ಉತ್ತರದ ಕೋಣೆಗೆ ಸಾಗಿಸಿ, ಕಿಟಕಿಗೆ ಒದ್ದೆ ಗೋಣಿತಾಟು ಇಳಿಬಿಡಿ. ಮೈ ಬಿಳಿಚಿ ಬಾಯಿ ತೆರೆದು ಕೂತಿದ್ದರೆ ಕಾವು ಹೆಚ್ಚಾಗಿದೆ ಎಂದೇ ಅರ್ಥ.

ನೀರಿನ ವಿಷಯಕ್ಕೆ ಬರೋಣ. ಗೋಸುಂಬೆ ಬಟ್ಟಲಿನ ನೀರು ಕುಡಿಯುವುದು ಅಪರೂಪ. ಎಲೆಯ ಮೇಲೆ ಮಿನುಗಿ ಜಾರುವ ಹನಿಯನ್ನು ನೆಕ್ಕುತ್ತದೆ. ಮೆಡಿಕಲ್ ಶಾಪಿನ ಸಲೈನ್ ಡ್ರಿಪ್ ಸೆಟ್ ಇದಕ್ಕೆ ಹೇಳಿ ಮಾಡಿಸಿದ ಸಾಧನ. ಬಾಟಲಿಯನ್ನು ತಲೆಕೆಳಗಾಗಿ ಪಂಜರದ ಮೇಲೆ ತೂಗುಹಾಕಿ, ಈಗ ಮೇಲೆ ಬಂದಿರುವ ತಳಕ್ಕೆ ಸಣ್ಣ ತೂತು ಕೊರೆಯಿರಿ; ಗಾಳಿ ಆಡದಿದ್ದರೆ ಹನಿ ನಿಂತುಹೋಗುತ್ತದೆ. ಸೂಜಿ ತೆಗೆದ ನಳಿಕೆಯ ತುದಿ ದಾಸವಾಳದ ಎಲೆಯ ಮೇಲಿರಲಿ. ಚಕ್ರ ತಿರುಗಿಸಿ ಎರಡು ಸೆಕೆಂಡಿಗೊಂದು ಹನಿ, ದಿನಕ್ಕೆರಡು ಸಲ, 20 ನಿಮಿಷ. ಬೆಳಿಗ್ಗೆ ದೀಪ ಹಾಕುವ ಮುನ್ನ, ಸಂಜೆ ಆರಿಸಿದ ಮೇಲೆ ಎರಡು ನಿಮಿಷ ಸಿಂಪಡಿಸಿ. ನಡುವೆ ಎಲ್ಲ ಒಣಗಬೇಕು. ಸದಾ ತೇವ ಇದ್ದರೆ ಶ್ವಾಸಕೋಶದ ಸೋಂಕು. ಬೋರ್‌ವೆಲ್ ನೀರಿನ ಉಪ್ಪು ಎಲೆಗೆ ಬಿಳಿ ಕಟ್ಟಿ ಸ್ಪ್ರೇಯರ್ ಮೂತಿ ಮುಚ್ಚಿಸುತ್ತದೆ, ಆರ್‌ಒ ನೀರೇ ಹಾಕಿ.

ಮೇವು ಜೀವಂತ ಹುಳು: ಮರಿಗೆ ದಿನಾ ಹತ್ತರ ಸುಮಾರು, ಬೆಳೆದದ್ದಕ್ಕೆ ದಿನ ಬಿಟ್ಟು ದಿನ ಐದಾರು ಮಿಡತೆ, ಕ್ರಿಕೆಟ್ ಹುಳು. ಗಾತ್ರ ಅದರ ಎರಡು ಕಣ್ಣುಗಳ ನಡುವಿನ ಅಂತರ ಮೀರಬಾರದು. ರೇಷ್ಮೆ ಸಾಕಣೆಯವರ ಪರಿಚಯವಿದ್ದರೆ ಪುಟ್ಟ ರೇಷ್ಮೆಹುಳ ಬಲು ಒಳ್ಳೆಯದು, ಸುಣ್ಣ, ಫಾರ್ಮಾಲಿನ್ ತಾಗದ್ದಾದರೆ. ಮೆಕ್ಕೆಜೋಳದ ಹೊಲದ ಹುಳು ಬೇಡ, ಔಷಧ ಹೊಡೆದಿರುತ್ತಾರೆ. ಪ್ರತಿ ಸಲವೂ ಹುಳುವಿಗೆ ವಿಟಮಿನ್ ಡಿ3 ಇಲ್ಲದ ಕ್ಯಾಲ್ಸಿಯಂ ಪುಡಿ ಸವರಿ, ತಿಂಗಳಿಗೆರಡು ಸಲ ಮಾತ್ರ ಡಿ3 ಇರುವುದು. ಇದು ತಪ್ಪಿದರೆ ಮೂಳೆ ಮೆತ್ತಗಾಗಿ ಕಾಲು ಬಾಗುತ್ತದೆ; ಬಾಗಿದ್ದು ಮತ್ತೆ ನೆಟ್ಟಗಾಗುವುದು ಕಷ್ಟ.

ಹಿಕ್ಕೆಯನ್ನು ದಿನಾ ನೋಡಿ. ಅದರ ಜೊತೆ ಬೀಳುವ ಯೂರೇಟ್ (ಮೂತ್ರದ ಗಟ್ಟಿ ಭಾಗ) ಬೆಳ್ಳಗಿದ್ದರೆ ಸರಿ. ಕಿತ್ತಳೆ ಬಣ್ಣಕ್ಕೆ ತಿರುಗಿ ಕಣ್ಣೂ ಗುಳಿ ಬಿದ್ದಿದ್ದರೆ ನೀರು ಸಾಲುತ್ತಿಲ್ಲ, ಹನಿಯ ಹೊತ್ತು ಹೆಚ್ಚಿಸಿ. ಹಗಲಲ್ಲಿ ಕಣ್ಣು ಮುಚ್ಚಿ ಕೂತರೆ ಮಾತ್ರ ಕಾಯಬೇಡಿ, ಅಂದೇ ವೈದ್ಯರ ಬಳಿ ಒಯ್ಯಿರಿ. ಸರೀಸೃಪ ನೋಡುವ ಪಶುವೈದ್ಯರು ಎಲ್ಲೆಡೆ ಸಿಗುವುದಿಲ್ಲ. ಪ್ರಾಣಿ ತರುವ ಮೊದಲೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ.